ಆಗಿನ ಎಣ್ಣೆ

ನೀರು ಹದವಾಗಿದೆಯೇ ಎಂದು ತಿಳಿಯಲು ಗೋದಾವರಿಗೆ ಅರವತ್ತೆರಡನೆಯ ವಯಸ್ಸಿನವರೆಗೆ ಅವಳ ಕೈ ಸಾಕಾಗಿತ್ತು. ಈಗ ಎರಡು ವಾರಗಳಿಂದ ಸಾಕಾಗುತ್ತಿಲ್ಲ. ಬೆಳಗಿನ ಏಳು ಗಂಟೆಗೆ, ಕುಂಭಾಶಿಯ ತನ್ನ ಮನೆಯ ಬಚ್ಚಲಿನಲ್ಲಿ, ತನ್ನ ಸ್ನಾನಕ್ಕೆಂದು ತೋಡಿಟ್ಟುಕೊಂಡ ಬಕೆಟ್ಟಿನಲ್ಲಿ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಮೀನೊಂದನ್ನು ತೇಲಿಬಿಟ್ಟು ಅವಳು ಕುಕ್ಕರುಗಾಲಿನಲ್ಲಿ ಕಾಯುತ್ತಿದ್ದಳು. ಮೀನಿನ ಹೊಟ್ಟೆಯೊಳಗೆ ನೀರಿನ ಬಿಸಿ ಅಳೆಯುವ ಕೆಂಪು ಗೆರೆ ಏರಿ ಏರಿ ನಲವತ್ತೆರಡರಲ್ಲಿ ನಿಂತಿತು. ಕೈ ಅದ್ದಿದಳು. ಹದವಾಗಿತ್ತು. ತೊಂದರೆ ಇದ್ದದ್ದೇ ಅಲ್ಲಿ. ತಣ್ಣೀರು ಬೆರೆಸುತ್ತ ಹೋದಳು. ಗೆರೆ ಕೂಸಿಗೆ ಇಷ್ಟೇ ಎಂದು ಗುರುತು ಹಾಕಿದ್ದ ಮೂವತ್ತೇಳಕ್ಕೆ ಇಳಿದಾಗ ಆ ನೀರು ಯಾರೋ ಕಾಲು ತೊಳೆದು ಬಿಟ್ಟುಹೋದ ಹಾಗಿತ್ತು. ಇಂಥ ನೀರಿನಲ್ಲಿ ಅವಳು ಕೂಸು ಮೀಯಿಸಿದ್ದರೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಅಜ್ಜಿಯೂ ಎರಡನೆಯ ದಿನ ಅವಳನ್ನು ಬಚ್ಚಲಿಗೆ ಬಿಡುತ್ತಿರಲಿಲ್ಲ. ಮೀನನ್ನು ಒರೆಸಿ, ಸೀರೆಯ ತುಂಡಿನಲ್ಲಿ ಸುತ್ತಿ, ಚೀಲದೊಳಗೆ ಹಾಕಿದಳು. ಮತ್ತೆ ತೆಗೆದಳು. ಮತ್ತೆ ಹಾಕಿದಳು.

ಮೂವತ್ತನಾಲ್ಕು ವರ್ಷಗಳಿಂದ ಕೂಸು ಮೀಯಿಸುವುದೇ ಅವಳ ಕೆಲಸ. ಅವಳ ನೀಡಿದ ಕಾಲುಗಳ ಮೇಲೆ ಬೋರಲು ಮಲಗಿ ಚೀರಿದವರು ಈಗ ಬ್ಯಾಂಕಿನ ಕೌಂಟರಿನಲ್ಲಿದ್ದಾರೆ, ಬೋಟಿನಲ್ಲಿದ್ದಾರೆ, ಮುಂಬಯಿಯ ಹೋಟೆಲುಗಳ ಗಲ್ಲಾದಲ್ಲಿದ್ದಾರೆ. ಕುಂದಾಪುರದ ಪೇಟೆಯಲ್ಲಿ ಮೀಸೆ ತಿರುವಿಕೊಂಡು ಬೈಕ್ ನಿಲ್ಲಿಸುವ ಗಂಡಸನ್ನು ಕಂಡರೆ, ಇವನ ಅಂಡು ನಾನು ತೊಳೆದದ್ದು ಎಂಬ ಸಣ್ಣ ಸುಖ ಅವಳಿಗೆ ಯಾವಾಗಲೂ ಇತ್ತು. ಅಧಿಕಾರವೆಂದರೆ ಹೆಚ್ಚುಕಡಿಮೆ ಇದೇ ಎಂದು ಅವಳು ತಿಳಿದಿದ್ದಳು. ಒಂದು ಬಾಳಂತನಕ್ಕೆಂದು ಹೋಗಿದ್ದ ಹಾಲೆಂಡಿನಿಂದ ಬಂದ ಮೇಲೆ ಅದೇ ಬೈಕಿನವನನ್ನು ಕಂಡಾಗ ಬೇರೆ ಯೋಚನೆ ಬರುತ್ತದೆ. ಇವನು ಬದುಕಿಕೊಂಡನಲ್ಲ.

ಮಗಳಿಗೆ ಗಂಡು ಕೂಸು ಹುಟ್ಟಿದ ಸುದ್ದಿ ಹೇಳಲು ನಿನ್ನೆ ಸಂಜೆ ವಂಡ್ಸೆಯಿಂದ ಬೇಬಿ ಫೋನ್ ಮಾಡಿದ್ದಳು. "ಗೋದಕ್ಕ, ಪ್ರೇಕ್ಷಂಗೆ ಮಾಣಿ ಹುಟ್ಟಿತ್. ಆಸ್ಪತ್ರೆಯಿಂದ ಕರ್ಕಂಡ್ ಬಂದ್ ಹತ್ತ್ ದಿನ ಆಯ್ತ್. ನೀವ್ ಊರಿಗ್ ಬಂದದ್ದ್ ಇವತ್ತೇ ಗೊತ್ತಾಯ್ತ್. ನೀವೇ ಬಂದ್ ಮೀಸ್ಕ್. ಬೇರೆಯವ್ರ್ ಕೈಗೆ ನಾ ಕೊಡುದಿಲ್ಲೆ."

ನಂಗೆ ಕೈನೋವು, ಆತಿಲ್ಲೆ ಎಂಬ ಮಾತನ್ನು ಗೋದಾವರಿ ಹದಿನೈದು ದಿನಗಳಿಂದ ಸಿದ್ಧವಾಗಿಟ್ಟುಕೊಂಡಿದ್ದಳು. ಮೂರು ಮನೆಗಳಿಗೆ ಅದನ್ನೇ ಹೇಳಿದ್ದಳು. ಬೇಬಿಗೆ ಹೇಳಲು ಬಾಯಿ ತೆರೆದರೆ "ಆತ್, ಬತ್ತೆ" ಎಂದು ಬಂತು. ಬೇಬಿಗೆ ಇಲ್ಲವೆನ್ನುವ ಹಕ್ಕು ತನಗಿಲ್ಲ ಎಂದು ಒಳಗಿನ ಯಾರೋ ಮೊದಲೇ ನಿರ್ಧರಿಸಿಬಿಟ್ಟಿದ್ದರು. ಫೋನ್ ಇಡುವ ಮುಂಚೆ ಬೇಬಿ ಸಣ್ಣ ದನಿಯಲ್ಲಿ, ಪಕ್ಕದವರಿಗೆ ಕೇಳಬಾರದೆಂಬಂತೆ, ಸೇರಿಸಿದ್ದಳು: "ಅವ್ನೇ, ನನ್ನ ಮೊದ್ಲಿನವ್ನೇ, ತಿರ್ಗಿ ಬಂದದ್ದ್ ಅಂದೇಳಿ ಕಾಂತತ್ ನಂಗೆ. ಮೂಗ್ ಕಾಣಿ ನೀವೇ, ಅದೇ ಮೂಗ್."

ಕುಂದಾಪುರದಲ್ಲಿ ಕೊಲ್ಲೂರಿನ ಬಸ್ಸು ಹತ್ತಿದಾಗ ಕಂಡಕ್ಟರ್ ಅಶೋಕ್ ಬಾಗಿಲಲ್ಲೇ ಹಿಡಿದುಕೊಂಡ. ಅವನೂ ಅವಳ ಕಾಲ ಮೇಲೆ ಮಲಗಿ ಎದ್ದವನೇ. "ಹ್ವಾಯ್ ಗೋದಕ್ಕ! ಹಾಲೆಂಡಿಂದ ಎಂತ ತಂದ್ರಿ ನಂಗೆ?"

"ನಿಂಗೆಂತಕ್ಕಾ? ಅಲ್ಲಿ ಕಂಡಕ್ಟರೇ ಇಲ್ಲೆ. ಕಾರ್ಡ್ ಮುಟ್ಸುದ್, ಹತ್ತುದ್."

"ಹಾಂಗಾರೆ ಅಲ್ಲಿ ಬಸ್ಸಿನಗೆ ಜಗಳ ಯಾರತ್ರ ಮಾಡ್ತ್ರ್ ಮಾರಾಯ್ರೆ?" ಎಂದು ಅವನು ಇಡೀ ಬಸ್ಸಿಗೆ ಕೇಳುವ ಹಾಗೆ ಕೇಳಿದ. ಬಸ್ಸು ನಕ್ಕಿತು. ಹಿಂದಿನ ಸೀಟಿನ ಹೆಂಗಸೊಬ್ಬಳು ಮುಂದಕ್ಕೆ ಬಾಗಿ, "ಬಿಳಿಯರ ಮಕ್ಕಳನ್ನ್ ಮೀಸಿದ್ರಿಯಾ? ಅಲ್ಲಿಯ ನರ್ಸಿಗೂ ನೀವೇ ಕಲ್ಸಿದ್ದಂಬ್ರಲೆ," ಎಂದಳು. ಗೋದಾವರಿ ಕತ್ತನ್ನು ಹೌದಿಗೂ ಅಲ್ಲಕ್ಕೂ ನಡುವೆ ಎಲ್ಲೋ ಆಡಿಸಿ ಕಿಟಕಿಯ ಹೊರಗೆ ನೋಡಿದಳು. ಹೊಳೆಯ ಮೇಲಿನ ಸೇತುವೆ, ನೀರಿನ ಮೇಲೆ ಕಣ್ಣು ಕುಕ್ಕುವ ಮೇ ತಿಂಗಳ ಬಿಸಿಲು. ಆ ಸುಳ್ಳನ್ನು ಅವಳು ಹುಟ್ಟಿಸಿರಲಿಲ್ಲ. ಬಂದ ಎರಡನೆಯ ದಿನ ಪಕ್ಕದ ಮನೆಯವಳು, "ಅಲ್ಲಿಯವ್ರ್ ನಿಮ್ಮ್ ಕೈಚಳಕ ಕಂಡ್ ಬೆರಗಾಯಿರಲ್ದಾ?" ಎಂದು ಕೇಳಿದ್ದಳು, ಇವಳು ಸುಮ್ಮನಿದ್ದಳು. ಆ ಮೌನ ದೇವಸ್ಥಾನದ ಹತ್ತಿರ ತಲುಪುವಷ್ಟರಲ್ಲಿ ನರ್ಸಿಗೆ ಪಾಠ ಹೇಳಿಕೊಟ್ಟು, ಹೆಮ್ಮಾಡಿ ಸೇರುವಷ್ಟರಲ್ಲಿ ಚಪ್ಪಾಳೆ ಗಿಟ್ಟಿಸಿಕೊಂಡಿತ್ತು.

ಐಂಡ್‌ಹೋವನ್ ಎಂಬ ಊರಿನ ಹೆಸರನ್ನು ಅವಳು ಮೂರು ತಿಂಗಳಾದರೂ ಪೂರ್ತಿ ಉಚ್ಚರಿಸಲು ಕಲಿಯಲಿಲ್ಲ. ಸಾಲಿಗ್ರಾಮದ ಶ್ರೀವಾಣಿಗೆ ಅಲ್ಲಿ ಹೆರಿಗೆ. ಅವಳ ತಾಯಿಗೆ ಮೊಣಕಾಲಿನ ಆಪರೇಶನ್ ಆಗಿತ್ತು, ಹೋಗುವಂತಿರಲಿಲ್ಲ. ಗೋದಾವರಿ ಶ್ರೀವಾಣಿಗೆ ದೂರದಲ್ಲಿ ಅತ್ತೆಯಾಗಬೇಕು. ಎಷ್ಟು ದೂರವೆಂದು ಯಾರೂ ಅಳೆಯಲು ಹೋಗಿರಲಿಲ್ಲ, ಯಾಕೆಂದರೆ ಶ್ರೀವಾಣಿಯನ್ನೂ ಹುಟ್ಟಿದ ಹನ್ನೊಂದನೆಯ ದಿನದಿಂದ ಮೀಯಿಸಿದ್ದು ಇವಳೇ. "ಗೋದತ್ತೆ, ನೀವಿದ್ರೆ ನಂಗೆ ಅಮ್ಮ ಇದ್ದ ಹಾಂಗೆ," ಎಂದು ಶ್ರೀವಾಣಿ ವೀಡಿಯೋ ಕಾಲಿನಲ್ಲಿ ಅತ್ತಿದ್ದಳು. ಅವಳ ಗಂಡ ರತನ್ ಕೋಟು ಕೊಡಿಸಿದ. ಕೋಟಿನೊಳಗೆ ಗೋದಾವರಿ ಯಾರೋ ಒಣಗಲು ಹಾಕಿ ಮರೆತುಹೋದ ಬಟ್ಟೆಯ ಹಾಗೆ ಕಾಣುತ್ತಿದ್ದಳು. ಆ ಊರಿನ ಮನೆಗಳಿಗೆ ಬೀದಿಯ ಕಡೆ ಗೋಡೆಯಷ್ಟು ದೊಡ್ಡ ಕಿಟಕಿ, ಪರದೆಯಿಲ್ಲ; ಜನ ಒಳಗೆ ಊಟ ಮಾಡುವುದು, ಜಗಳಾಡುವುದು ಎಲ್ಲ ಕಾಣುತ್ತದೆ, ಆದರೆ ಹೊರಗೆ ಹೋಗುವ ಒಬ್ಬನೂ ಇಣುಕುವುದಿಲ್ಲ. ನಮ್ಮಲ್ಲಿ ಎಲ್ಲ ಕಿಟಕಿಗೂ ಪರದೆಯುಂಟು, ಎಲ್ಲರೂ ಇಣುಕುತ್ತಾರೆ. ಇದರಲ್ಲಿ ಯಾವುದು ನಾಚಿಕೆಗೇಡು ಎಂದು ಅವಳು ಒಂದು ವಾರ ಕಿಟಕಿಯ ಬದಿಯಲ್ಲಿ ಕೂತು ಯೋಚಿಸಿದ್ದಳು. ಕೂಸು ನೋಡಲು ಬರುವವರು ಹೊತ್ತು ಗೊತ್ತುಮಾಡಿಕೊಂಡು ಬರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ರಸ್ಕು, ಅದರ ಮೇಲೆ ಬೆಣ್ಣೆ, ಬೆಣ್ಣೆಯ ಮೇಲೆ ಸಕ್ಕರೆ ಮೆತ್ತಿದ ಸೋಂಪು. ಸೋಂಪು ಬಾಳಂತಿಗೆ ಹಾಲು ಹೆಚ್ಚಿಸುತ್ತದೆಂದು ಅವರಿಗೂ ಗೊತ್ತಿತ್ತು! ಅದೊಂದು ದಿನ ಗೋದಾವರಿಗೆ ಲೋಕ ಒಂದೇ ಎಂದು ಅನ್ನಿಸಿತು. ಮಾರನೆಯ ದಿನ ಅನ್ನಿಸಲಿಲ್ಲ.

ಮಾರನೆಯ ದಿನವೇ ಮರೈಕೆ ಬಂದದ್ದು. ಸರಕಾರದ ಲೆಕ್ಕದಲ್ಲಿ ಎಂಟು ದಿನ ಮನೆಗೆ ಬಂದು ಬಾಳಂತನ ಮಾಡುವ ನರ್ಸು, ಐವತ್ತರ ಹೆಂಗಸು, ಗಂಡಸಿನ ಹೆಜ್ಜೆ. ಬಂದವಳೇ ರತನನಿಗೆ ಕಕ್ಕಸು ತೊಳೆಯಲು ಹೇಳಿದಳು, ಅವನು ತೊಳೆದ. ಆಮೇಲೆ ನಲ್ಲಿಯಿಂದ ನೇರ ಒಂದು ದೊಡ್ಡ ಗ್ಲಾಸು ತಣ್ಣೀರು ಹಿಡಿದು ಎರಡು ದಿನದ ಬಾಳಂತಿಯ ಕೈಗೆ ಕೊಟ್ಟಳು. ಗೋದಾವರಿ ಬಾಗಿಲಲ್ಲಿ ನಿಂತಿದ್ದಳು. "ಶ್ರೀವಾಣೀ, ಬ್ಯಾಡ," ಎಂದಳು. ಶ್ರೀವಾಣಿ ಕಣ್ಣು ಮುಚ್ಚಿ ಗಟಗಟ ಕುಡಿದು ಇನ್ನೊಂದು ಗ್ಲಾಸು ಕೇಳಿದಳು. ಆ ದಿನ, ಮರುದಿನ, ಅದರ ಮರುದಿನ ಗೋದಾವರಿ ಯಾರೂ ಇಲ್ಲದಾಗ ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದಳು. ಉಸಿರು ಗಡಿಯಾರದ ಹಾಗೆ ನಡೆಯುತ್ತಿತ್ತು. ಎಂಟು ದಿನ ತಣ್ಣೀರು, ಫ್ರಿಜ್ಜಿನ ಹಾಲು, ಕಿತ್ತಳೆಯ ರಸ. ಕೂಸಿಗೆ ಒಂದು ಸೀನೂ ಬರಲಿಲ್ಲ. ಒಂದು ಸೀನಾದರೂ ಬರಲಿ ಎಂದು ತಾನು ಒಳಗೊಳಗೆ ಕಾಯುತ್ತಿದ್ದೇನೆ ಎಂದು ತಿಳಿದಾಗ ಅವಳಿಗೆ ತನ್ನ ಬಗ್ಗೆ ಹೆದರಿಕೆಯಾಯಿತು. ಅವಳು ನೋಡುತ್ತಿದ್ದುದು ಶ್ರೀವಾಣಿಯನ್ನಲ್ಲ. ವಂಡ್ಸೆಯ ಮನೆಯ ಅಡುಗೆಕೋಣೆಯಲ್ಲಿ, ಇಪ್ಪತ್ತೆಂಟು ವರ್ಷಗಳ ಹಿಂದೆ, ಕೊಡಪಾನಕ್ಕೆ ಚೊಂಬು ಅದ್ದಿ ನಿಂತ ಇಪ್ಪತ್ತೆರಡರ ಬೇಬಿಯನ್ನು.

ಬಸ್ಸು ಹೆಮ್ಮಾಡಿಯಲ್ಲಿ ಹೆದ್ದಾರಿ ಬಿಟ್ಟು ಒಳಕ್ಕೆ ತಿರುಗಿತು. ಆ ಇಪ್ಪತ್ತೆಂಟು ವರ್ಷಗಳ ಹಿಂದೆಯೂ ಮೇ ತಿಂಗಳೇ. ಬೇಬಿಗೆ ಚೊಚ್ಚಲ ಬಾಳಂತನ, ಹನ್ನೆರಡನೆಯ ದಿನ. ಬಾಳಂತಿಗೆ ಲೋಟಕ್ಕೆ ಅಳೆದು ಬಿಸಿನೀರು ಕೊಡುವ ಕಾಲ. ಕೂಸು ಮೀಯಿಸಿ ಬಂದ ಗೋದಾವರಿ ಕಂಡದ್ದು: ಬೇಬಿ ತಣ್ಣೀರಿನ ಚೊಂಬು ಎತ್ತಿ, ಕತ್ತಿನ ಮೇಲೆ, ಎದೆಯ ಮೇಲೆ ಸುರಿಯುತ್ತಿರುವುದನ್ನೂ ಲೆಕ್ಕಿಸದೆ ಕುಡಿಯುತ್ತಿದ್ದಳು, ದನ ಕುಡಿದ ಹಾಗೆ. ಇವಳನ್ನು ಕಂಡು ಚೊಂಬಿನ ಹಿಂದಿನಿಂದಲೇ ತುಟಿಗೆ ಬೆರಳಿಟ್ಟಳು. ಕಣ್ಣಿನಲ್ಲಿ ನಗು, ಅಂಜಿಕೆ ಎರಡೂ. ಗೋದಾವರಿಯೂ ನಕ್ಕು, ತುಟಿಗೆ ಬೆರಳಿಟ್ಟಿದ್ದಳು. ಆ ಗುಟ್ಟು ಹತ್ತು ದಿನ ಅವರಿಬ್ಬರ ನಡುವೆ ಸುಖವಾಗಿತ್ತು. ಇಪ್ಪತ್ತೆರಡನೆಯ ದಿನ ಉಸಿರಿಗೆ ಕಷ್ಟವಾಗಿ ಕೂಸಿನ ಪಕ್ಕೆ ಸೆಳೆಯತೊಡಗಿತು, ಕುಂದಾಪುರಕ್ಕೆ ಒಯ್ದರು, ಸಂಜೆ ಅದೇ ಕಾರಿನಲ್ಲಿ ಬಟ್ಟೆಯಲ್ಲಿ ಸುತ್ತಿ ವಾಪಸು ತಂದರು. ಬೇಬಿಯ ಅತ್ತೆ ಜಗಲಿಯಲ್ಲಿ ನಿಂತು ಗೋದಾವರಿಯ ಮುಖ ನೋಡಿ ಕೇಳಿದ್ದಳು, "ಎಣ್ಣೆ ನೀರಿನಗೆ ಎಂತಾರೂ ಹೆಚ್ಚುಕಮ್ಮಿ ಆಯ್ತಾ?" ಜಗಲಿಯಲ್ಲಿ ಹತ್ತು ಜನರಿದ್ದರು. ಕೂಸು ಮೀಯಿಸುವವಳಿಗೆ ಒಮ್ಮೆ ಕೈಗುಣ ಹೋಯಿತೆಂದರೆ ಹೋಯಿತು. "ನನ್ನ ಕೈಯಂಗೆ ಎಂತಕ್ಕೆ ಆತ್ತ್?" ಎಂದಿದ್ದಳು ಗೋದಾವರಿ. "ನಿಮ್ಮ್ ಸೊಸೆ ಕೊಡಪಾನದ್ ತಣ್ಣೀರ್ ಕುಡ್ದದ್ದ್ ಕೇಣಿ."

ಇಷ್ಟೇ. ಆ ಮಾತಿಗೆ ಯಾರೂ ಅಳಲಿಲ್ಲ, ಯಾರೂ ಹೊಡೆಯಲಿಲ್ಲ. ಎಲ್ಲರೂ ಒಮ್ಮೆಗೆ ಒಳಬಾಗಿಲ ಕಡೆಗೆ ತಿರುಗಿದರು. ಅವರು ಹಾಗೆ ತಿರುಗಿದಾಗ ತನ್ನ ಮೇಲಿಂದ ಒಂದು ಹೊರೆ ಇಳಿದದ್ದು ಗೋದಾವರಿಗೆ ಇಂದಿಗೂ ಭುಜದಲ್ಲಿ ನೆನಪಿದೆ. ತಾನು ಹೇಳಿದ್ದು ನಿಜವೆಂದೇ ಅವಳು ನಂಬಿದ್ದಳು. ನಂಬಿದ್ದರಿಂದ ಹೇಳಿದೆನೋ, ಹೇಳಿದ್ದರಿಂದ ನಂಬಿದೆನೋ ಎಂದು ಕೇಳಿಕೊಳ್ಳುವ ಪ್ರಸಂಗ ಇಪ್ಪತ್ತೆಂಟು ವರ್ಷ ಬಂದಿರಲಿಲ್ಲ.

ಮರೈಕೆಯ ಎಂಟು ದಿನ ಮುಗಿದ ಮೇಲೆ ಐಂಡ್‌ಹೋವನ್ನಿನ ಕೂಸು ಗೋದಾವರಿಯ ಕಾಲಿಗೆ ಬಂತು. ಗಾಜಿನ ಪೆಟ್ಟಿಗೆಯಂಥ ಬಚ್ಚಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ, ಕೆಟಲಿನಲ್ಲಿ ಕಾಯಿಸಿ ಬೆರೆಸಿದ ನೀರಿನಲ್ಲಿ ಅವಳು ತನ್ನ ವಿದ್ಯೆಯೆಲ್ಲವನ್ನೂ ಎರೆದಳು. ವೀಳ್ಯದೆಲೆ ಹಾಕಿ ಕಾಯಿಸಿದ ತೆಂಗಿನೆಣ್ಣೆ ನೆತ್ತಿಗೆ ಒಂದು ಹಿಡಿ. ಕಿರುಬೆರಳಿನ ತುದಿಯಿಂದ ಮೂಗಿನ ಹೊಳ್ಳೆಗೆ ಒಂದೊಂದು ತೊಟ್ಟು, ಆಮೇಲೆ ಬಾಯಿಯಿಂದ ಊದುವುದು. ಉಸಿರಿನ ದಾರಿ ಚೊಕ್ಕವಾಗಲಿ ಎಂದು. ರತನ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು, 'ನಮ್ಮ ಸಂಸ್ಕೃತಿ' ಎಂದು ಬರೆದು ಎರಡೂ ಕಡೆಯ ನೆಂಟರ ಗುಂಪಿಗೆ ಕಳಿಸಿದ. ಸಾಲಿಗ್ರಾಮದಿಂದ ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಆ ಹುರುಪಿನಲ್ಲಿ ಅವನು, ಕೂಸನ್ನು ತೂಗಲು ಒಯ್ದಾಗ ಎದುರು ಸಿಕ್ಕ ಮರೈಕೆಗೂ ತೋರಿಸಿದ. ಅವಳು ಎರಡು ಸಲ ನೋಡಿದಳಂತೆ. ಎರಡನೆಯ ಸಲ ಒಂದು ಕಡೆ ನಿಲ್ಲಿಸಿ ನೋಡಿದಳಂತೆ.

ಮಾರನೆಯ ಬೆಳಿಗ್ಗೆ ಅವಳು ಮನೆಗೆ ಬಂದು ಮೇಜಿನ ಎದುರು ಕೂತಳು. ದನಿ ಏರಿಸಲಿಲ್ಲ. ಗದರಿದ್ದರೆ ಗೋದಾವರಿಗೆ ಎದುರಾಡಲು ಏನಾದರೂ ಸಿಗುತ್ತಿತ್ತು. ಶ್ರೀವಾಣಿಯ ಮುಖ ಬಿಳಿಚಿತ್ತು. ಆ ದೇಶದಲ್ಲಿ ಕೂಸಿನ ಮೇಲೆ ವರದಿ ಬರೆದರೆ ಏನೇನಾಗುತ್ತದೆ ಎಂಬ ಕತೆಗಳನ್ನು ಅವಳು ಕೇಳಿದ್ದಳು. ಅವಳು ಇಂಗ್ಲಿಷಿನಲ್ಲಿ ಬಡಬಡ ಹೇಳತೊಡಗಿದಳು. ಅದರಲ್ಲಿ ಗೋದಾವರಿಗೆ ಎರಡು ಶಬ್ದ ತಿಳಿದವು: ವಿಲೇಜ್, ಮೇಯ್ಡ್. ನಾವು ಬೇಡವೆಂದಿದ್ದೆವು, ಹೇಳಿದರೂ ಕೇಳದೆ ಮಾಡಿದ್ದಾಳೆ ಎಂಬುದು ಶಬ್ದ ತಿಳಿಯದಿದ್ದರೂ ತಿಳಿಯಿತು, ಯಾಕೆಂದರೆ ಅದನ್ನು ಹೇಳುವಾಗ ಶ್ರೀವಾಣಿ ಗೋದಾವರಿಯ ಕಡೆ ನೋಡಲಿಲ್ಲ, ಮರೈಕೆ ನೋಡಿದಳು. ದೂರದ ಅತ್ತೆ ಎಷ್ಟು ದೂರವೆಂದು ಕೊನೆಗೂ ಅಳೆದದ್ದಾಯಿತು. ಮೇಜಿನ ಎದುರು ಕೂತೇ ಗೋದಾವರಿಗೆ ತನ್ನ ಭುಜಗಳ ನೆನಪಾಯಿತು. ಶ್ರೀವಾಣಿಯ ಭುಜಗಳಿಂದ ಈಗಷ್ಟೇ ಇಳಿದದ್ದೇನೆಂದು ಅವಳಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮರೈಕೆ ಮಾತ್ರ ಒಂದು ಕಾಗದ ಎಳೆದುಕೊಂಡು ಪೆನ್ನಿನಿಂದ ಕೂಸಿನ ಮೂಗು, ಅದರ ಕೆಳಗೆ ಶ್ವಾಸಕೋಶದ ಚಿತ್ರ ಬರೆದಳು. ಬುಡಮೇಲಾದ ಮರದ ಹಾಗೆ ಒಂದು ಕಾಂಡ, ಎರಡು ಕವಲು, ಕವಲಿನ ತುದಿಯಲ್ಲಿ ಎಲೆಗೊಂಚಲು. ಮೂಗಿನ ಹತ್ತಿರ ಒಂದು ಚುಕ್ಕಿ ಇಟ್ಟಳು. ಚುಕ್ಕಿಯಿಂದ ಗೆರೆ ಎಳೆಯುತ್ತ ಕಾಂಡದಲ್ಲಿ ಇಳಿದು ಎಲೆಗೊಂಚಲಿಗೆ ಬಂದು, ಅಲ್ಲಿ ಪೆನ್ನನ್ನು ಒತ್ತಿ ಒತ್ತಿ ಕಪ್ಪು ಮಾಡಿದಳು. ನೀರಾದರೆ ಕೆಮ್ಮಿ ಹೊರಗೆ ಬರುತ್ತದೆ, ಎಣ್ಣೆ ಬರುವುದಿಲ್ಲ, ಅಲ್ಲೇ ಕೂರುತ್ತದೆ, ನಾಲ್ಕು ದಿನಕ್ಕೋ ಹತ್ತು ದಿನಕ್ಕೋ ಉಸಿರು ಕಟ್ಟುತ್ತದೆ ಎಂದು ಶ್ರೀವಾಣಿ ಕನ್ನಡಕ್ಕೆ ತಂದಳು. ಎಲ್ಲ ಮಕ್ಕಳಿಗೂ ಆಗುವುದಿಲ್ಲ, ಕೆಲವಕ್ಕೆ. ಆಮೇಲೆ ಮರೈಕೆ ಏನೋ ಕೇಳಿದಳು. ಶ್ರೀವಾಣಿ ಮೇಜು ನೋಡುತ್ತ, "ನಿಮ್ಮ್ ಕೈಯಂಗೆ ಯಾವ್ದಾರೂ ಮಗುವಿಗೆ ಹಾಂಗೆ ಆದ್ದಿತ್ತಾ ಅಂದೇಳಿ ಕೇಂತ್ರ್," ಎಂದಳು.

"ಇಲ್ಲೆ," ಎಂದಳು ಗೋದಾವರಿ. ಕಾಗದದ ಕಪ್ಪು ಎಲೆಗೊಂಚಲು ಅಷ್ಟರಲ್ಲಿ ವಂಡ್ಸೆಗೆ ಹೋಗಿ ಮುಟ್ಟಿತ್ತು.

ಉಳಿದ ಎರಡು ತಿಂಗಳು ಅವಳಿಗೆ ವಿಶ್ರಾಂತಿ. "ನೀವ್ ಕೂಕಣಿ ಗೋದತ್ತೆ, ದಣಿಬ್ಯಾಡಿ," ಎಂದು ಶ್ರೀವಾಣಿ ಬಹಳ ಮರ್ಯಾದೆಯಿಂದ ಕೂಸನ್ನು ಅವಳ ಕೈಯಿಂದ ತೆಗೆದುಕೊಳ್ಳುತ್ತಿದ್ದಳು. ಸಾರು ಮಾಡು, ಪಲ್ಯ ಮಾಡು, ಕಿಟಕಿಯ ಬದಿ ಕೂರು. ಹೊರಡುವ ವಾರ ಮರೈಕೆ ಬಂದು ಆ ಕಿತ್ತಳೆ ಮೀನನ್ನು ಕೊಟ್ಟು ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದಳು. ಶ್ರೀವಾಣಿ ಅದನ್ನು ಕನ್ನಡಕ್ಕೆ ತರಲಿಲ್ಲ. ಒಳ್ಳೆಯ ಮಾತೇ ಇರಬೇಕು, ಕೆಟ್ಟದ್ದಾಗಿದ್ದರೆ ತರುತ್ತಿದ್ದಳು.

ವಂಡ್ಸೆಯಲ್ಲಿ ಇಳಿದು ಮನೆ ಮುಟ್ಟುವಾಗ ಹತ್ತೂವರೆ. ಜಗಲಿಯಲ್ಲಿ ಬೇಬಿಯ ಗಂಡ ಶೀನ, ಬನಿಯನ್ನನ್ನು ಹೊಟ್ಟೆಯ ಮೇಲಕ್ಕೆ ಸುತ್ತಿಕೊಂಡು, ಮೊಬೈಲಿನಲ್ಲಿ ಯಾರೋ ಕಿರುಚುತ್ತಿದ್ದ ಚರ್ಚೆ ಕೇಳುತ್ತಿದ್ದ. "ಬನಿ ಬನಿ, ಫಾರಿನ್ ರಿಟರ್ನ್! ಅಲ್ಲ ಗೋದಕ್ಕ, ಅಲ್ಲಿ ಗಂಡಸ್ರೇ ಕಕ್ಕಸ್ ತೊಳಿತ್ರಂಬ್ರಲೆ, ಹೌದಾ?"

"ನೀವೂ ಹೋಯ್ಲಕ್ಕ್, ಕೆಲ್ಸ ಇತ್ತ್," ಎಂದಳು ಗೋದಾವರಿ. ಶೀನ ಹೊಟ್ಟೆ ಕುಲುಕಿಸಿ ನಕ್ಕ.

ಬೇಬಿ ಒಳಗಿನಿಂದ ಓಡಿಬಂದಳು. ಐವತ್ತಕ್ಕೆ ತಲೆಯ ಮುಂಭಾಗ ಪೂರ್ತಿ ಬಿಳಿ. ಮಣ್ಣಿನ ಹೂಜಿಯಿಂದ ಬಗ್ಗಿಸಿದ ತಣ್ಣೀರು, ಒಂದು ಅಚ್ಚು ಬೆಲ್ಲ ತಂದಿಟ್ಟಳು. ತಾನು ಮಾತ್ರ ಸೊಂಟಕ್ಕಿಟ್ಟುಕೊಂಡು ಬಂದ ಫ್ಲಾಸ್ಕಿನಿಂದ ಮುಚ್ಚಳಕ್ಕೆ ನೀರು ಸುರಿದುಕೊಂಡಳು, ಹಬೆ ಎದ್ದಿತು. ಬಿಸಿಲಿಗೆ ಅವಳ ಕುಪ್ಪಸ ಬೆನ್ನಿಗಂಟಿತ್ತು.

"ಇವ್ಳಿಗೆ ಮೇ ತಿಂಗ್ಳಗೂ ಬಿಸಿನೀರೇ ಆಯ್ಕ್," ಎಂದ ಶೀನ, ಮೊಬೈಲಿನಿಂದ ಕಣ್ಣೆತ್ತದೆ. "ಮದಿ ಮನಿ ಊಟಕ್ಕೆ ಹೋಪತಿಗೂ ಫ್ಲಾಸ್ಕ್. ಊರ್ ತುಂಬ ಇವ್ಳಿಗೆ ಫ್ಲಾಸ್ಕ್ ಬೇಬಿ ಅಂದೇ ಹೆಸ್ರ್."

"ಅಭ್ಯಾಸ ಆಯ್ತ್ ಮಾರ್ರೆ," ಎಂದು ಬೇಬಿ ನಕ್ಕು, ಗೋದಾವರಿಯ ಕಡೆ ಒಮ್ಮೆ ನೋಡಿದಳು. ನೆನಪಿದೆಯೇ ಎಂದು ಕೇಳುವ, ಇಬ್ಬರಿಗೇ ಸೇರಿದ ಒಂದು ನೋಟ. ಗುಟ್ಟು ಒಡೆದವಳ ಮೇಲೆ ಅದರಲ್ಲಿ ದ್ವೇಷವಿರಲಿಲ್ಲ. ದ್ವೇಷವಿದ್ದಿದ್ದರೆ ಗೋದಾವರಿ ಬೆಲ್ಲವನ್ನು ಮುಟ್ಟದೆ ಬಿಡುತ್ತಿರಲಿಲ್ಲ.

ಪ್ರೇಕ್ಷಾ ಒಳಕೋಣೆಯಲ್ಲಿ ಮಂಚದ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡು, ಫ್ಯಾನ್ ಹಾಕಲು ಬಿಡದ ತಾಯಿಯ ಮೇಲಿನ ಸಿಟ್ಟನ್ನು ಮುಖದ ತುಂಬ ಬೆವರಾಗಿ ಹೊತ್ತುಕೊಂಡು ಮಲಗಿದ್ದಳು. ಬೈಂದೂರಿನ ಶಾಲೆಯಲ್ಲಿ ವಿಜ್ಞಾನದ ಟೀಚರು. ಪಕ್ಕದಲ್ಲಿ ಕೂಸು. ಗೋದಾವರಿ ಬಗ್ಗಿ ನೋಡಿದಳು. ಮೂಗು ಎಲ್ಲ ಕೂಸುಗಳಿಗೂ ಇರುವಂಥದ್ದೇ, ಒಂದು ಕಡಲೆಯಷ್ಟು. ಅದರ ಎರಡು ಹೊಳ್ಳೆಗಳು ಉಸಿರಿಗೆ ಅಗಲವಾಗಿ, ಸಣ್ಣದಾಗಿ, ಅಗಲವಾಗುತ್ತಿದ್ದವು. ಇಷ್ಟು ವರ್ಷ ಇಷ್ಟು ಹತ್ತಿರದಿಂದ ಅವಳು ಅವನ್ನು ನೋಡಿರಲೇ ಇಲ್ಲ. ಅವು ತನ್ನ ಕಿರುಬೆರಳಿಗೆ ಮಾಡಿದ ತೂತುಗಳೆಂದು ತಿಳಿದಿದ್ದಳು.

ಬಚ್ಚಲಿನಲ್ಲಿ ಹಂಡೆ ಕುದಿಯುತ್ತಿತ್ತು. ಬೇಬಿ ತೋಡಿಟ್ಟ ನೀರಿಗೆ ಗೋದಾವರಿ ಮೀನು ಬಿಟ್ಟಾಗ ಬೇಬಿ ಬಾಯಿಗೆ ಸೆರಗು ಹಿಡಿದು ನಕ್ಕಳು. "ಇದೆಂತ ಗೋದಕ್ಕ, ನಿಮ್ಗೂ ಕೈ ನಂಬಿಕೆ ಹೋಯ್ತಾ?" ಪ್ರೇಕ್ಷಾ ಮಾತ್ರ ಬಂದು ಬಾಗಿಲಿಗೆ ಒರಗಿ ನಿಂತು, "ಒಳ್ಳೇದೇ ಅಮ್ಮ ಅದ್, ಎಲ್ಲಾ ಕಡೆ ಹಾಂಗೇ ಮಾಡುದ್," ಎಂದಳು. ಮೂವತ್ತೆಂಟಕ್ಕೆ ಗೋದಾವರಿ ನಿಲ್ಲಿಸಿದಳು. ಅವಳು ಅತ್ತ ತಿರುಗಿದಾಗ ಬೇಬಿ ಒಂದು ಚೊಂಬು ಕುದಿನೀರು ಸುರಿದಳು; ಇವಳು ಕಂಡೂ ಕಾಣದಂತೆ ಒಂದು ಚೊಂಬು ತಣ್ಣೀರು ಬೆರೆಸಿದಳು. ಕೂಸು ಕಾಲ ಮೇಲೆ ಬಂತು. ಬಂದ ಕೂಡಲೇ ಹಳೆಯ ಭಾರ, ಹಳೆಯ ಬಿಸಿ. ಕೈ ತಾನಾಗಿ ಬೆನ್ನಿನ ಮೇಲೆ ಇಳಿಯಿತು, ತೊಡೆಯ ಮೇಲೆ, ಪಾದದ ಮೇಲೆ. ಒಂದಷ್ಟು ಹೊತ್ತು ಹಾಲೆಂಡ್ ಎಂಬ ದೇಶವೇ ಇರಲಿಲ್ಲ. ಕೂಸು ಚೀರಿತು, ಆಮೇಲೆ ಬಿಕ್ಕಿತು, ಆಮೇಲೆ ನೀರಿನ ಸದ್ದಿಗೆ ಕಿವಿಗೊಟ್ಟು ಸುಮ್ಮನಾಯಿತು. ಕಣ್ಣು ತೆರೆದು ಅವಳ ಮುಖದ ಕಡೆಗೆ ಎಲ್ಲೋ ನೋಡಿತು. ಬೇಬಿ ವೀಳ್ಯದೆಲೆ ಹಾಕಿ ಕಾಯಿಸಿದ ಎಣ್ಣೆಯ ಬಟ್ಟಲನ್ನು ಹತ್ತಿರ ಸರಿಸಿದಳು.

"ಮೂಗಿಗ್ ಬಿಡಿ."

ಗೋದಾವರಿ ಕಿರುಬೆರಳನ್ನು ಬಟ್ಟಲಿಗೆ ಅದ್ದಿದಳು. ಬೆರಳು ಅಲ್ಲೇ ನಿಂತಿತು.

"ಅಮ್ಮ, ಬ್ಯಾಡ ಅಂದ್ರಲ್ಲ ಆಸ್ಪತ್ರೆಯಗೆ!" ಎಂದಳು ಪ್ರೇಕ್ಷಾ. "ಮೂಗಿಗೆ ಕಿವಿಗೆ ಎಂತದೂ ಹಾಕುಕಾಗ ಅಂದೇಳಿ."

"ಅವ್ರಿಗೆಂತ ಗೊತ್ತ್? ನಿನ್ನ ಮೂಗಿಗೂ ಹಾಕಿದ್ದೇ. ಸತ್ತ್ ಹೋದ್ಯಾ ನೀ?" ಎಂದ ಬೇಬಿ, ತಾನೇ ಆಡಿದ ಮಾತಿಗೆ ಒಂದು ಕ್ಷಣ ಬೆಚ್ಚಿ, ಗೋದಾವರಿಯ ಕಡೆಗೆ ತಿರುಗಿದಳು. "ನೀವೇ ಹೇಳಿ ಗೋದಕ್ಕ. ನೀವ್ ಹೊರದೇಶ ಕಂಡ್ ಬಂದವ್ರ್. ಆ ನರ್ಸಿಗೂ ಕಲ್ಸಿದವ್ರ್. ಅಲ್ಲಿ ಹಾಕುದಿಲ್ಯಾ?"

ಮೂವರೂ ಅವಳನ್ನು ನೋಡುತ್ತಿದ್ದರು, ಕೂಸೂ ಸೇರಿ. ಜಗಲಿಯ ಚರ್ಚೆ ನಿಂತಿತ್ತು, ಶೀನನೂ ಕಿವಿಗೊಟ್ಟಿರಬೇಕು. ಆ ಮೇಜು, ಆ ಕಾಗದ, ಬುಡಮೇಲಾದ ಮರ ಎಲ್ಲ ಬಚ್ಚಲಿನ ಹೊಗೆಯಲ್ಲಿ ಬಂದು ನಿಂತವು. ಹೇಳಬೇಕಾದದ್ದು ಬಹಳ ಉದ್ದವಿರಲಿಲ್ಲ. ಬೇಬಿ, ನೀರಿಂದಲ್ಲ, ಎಣ್ಣೆಯಿಂದ, ನಿನ್ನಿಂದಲ್ಲ, ನನ್ನಿಂದ. ಹೇಳಲು ಬೇಕಾದಷ್ಟು ಉಸಿರನ್ನು ಅವಳು ಎಳೆದುಕೊಂಡೂ ಆಯಿತು.

"ಹಾಕುದ್ ಬ್ಯಾಡ," ಎಂದಳು. ದನಿ ಕರ್ಕಶವಾಗಿತ್ತು. ಬೆರಳನ್ನು ಸೀರೆಗೆ ಒರೆಸಿಕೊಂಡಳು. "ಅಲ್ಲಿ ಹಾಕುದಿಲ್ಲೆ. ಎದಿಗ್ ಇಳಿತತ್ತಂಬ್ರ್ ಅದ್."

ಬೇಬಿ ಬಟ್ಟಲು ನೋಡಿದಳು. ಕೂಸು ನೋಡಿದಳು. ಫ್ಲಾಸ್ಕ್ ಬೇಬಿ ಎಂದು ಊರು ಕರೆಯುವ ಈ ಹೆಂಗಸು ದಡ್ಡಿಯಾಗಿರಲಿಲ್ಲ. "ಹಾಂಗಾರೆ," ಎಂದಳು ನಿಧಾನವಾಗಿ, "ನನ್ನ ಮೊದ್ಲಿನ ಮಾಣಿಗೆ ಹಾಕಿದ್ರಿಯಲ್ದಾ?"

ಹಂಡೆಯ ಕೆಳಗೆ ಒಂದು ಕೊಳ್ಳಿ ಸರಿದು ಬಿತ್ತು. ಪ್ರೇಕ್ಷಾ ತಾಯಿಯ ಮುಖವನ್ನು, ಗೋದಾವರಿಯ ಮುಖವನ್ನು ನೋಡಿದಳು. ಈಗ ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿದ್ದರೆ ಆ ಮೌನವೇ ಉಳಿದದ್ದನ್ನು ಹೇಳಿಬಿಡುತ್ತಿತ್ತು. ಅವಳ ಮೌನಗಳು ಮಾತನಾಡಬಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಅವಳು ಅವಸರದಿಂದ ಬಾಯಿ ತೆರೆದಳು.

"ಆಗಿನ ಎಣ್ಣೆ ಬೇರೆ ಹೆಣೆ ಬೇಬಿ," ಎಂದಳು. "ಆಗ ಮನಿ ಕಾಯಿ, ಗಾಣದ ಎಣ್ಣೆ. ಎಳಿ ಮಕ್ಕಳ್ ಹಾಂಗೇ ಕುಡುದ್ರೂ ಎಂತ ಆತಿರ್ಲಿಲ್ಲೆ. ಈಗಿನದ್ದ್ ಪ್ಯಾಕೆಟಿನದ್ದ್, ಎಂತೆಂತ ಬೆರ್ಸಿರ್ತ್ರೋ."

"ಅದ್ ಹೌದ್!" ಎಂದು ಜಗಲಿಯಿಂದ ಶೀನ ಕೂಗಿದ. "ಈಗ ಉಪ್ಪೂ ಕಲಬೆರಕೆ!" ಆ ಮಾತಿಗೆ ಇಡೀ ಮನೆ ಹಗುರವಾಯಿತು. ಕಲಬೆರಕೆಯ ವಿಷಯದಲ್ಲಿ ಭಿನ್ನಾಭಿಪ್ರಾಯವಿರುವವರು ಈ ಸೀಮೆಯಲ್ಲಿ ಇಲ್ಲ. ಮೊಬೈಲಿನ ಚರ್ಚೆ ಮತ್ತೆ ಶುರುವಾಯಿತು.

ಬೇಬಿ ಎಣ್ಣೆಯ ಬಟ್ಟಲನ್ನು ಎತ್ತಿ ದಂಡೆಯ ಮೇಲಿಟ್ಟಳು. "ಅದೇ ನಾನೂ ಎಣಿಸ್ದೆ," ಎಂದಳು. "ಆ ಎಣ್ಣಿ ಒಳ್ಳೇದೇ. ತಪ್ಪ್ ನಂದೇ ಅಲ್ದಾ." ಅಳು ಇರಲಿಲ್ಲ. ಎಷ್ಟೋ ಸಲ ಗುಣಿಸಿದ ಲೆಕ್ಕಕ್ಕೆ ಮತ್ತೆ ಅದೇ ಉತ್ತರ ಬಂದವಳ ಸಮಾಧಾನವಿತ್ತು. ಆಮೇಲೆ ಕೂಸನ್ನು ಬಿಳಿಯ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು, ಮೂಗಿಗೆ ಮೂಗು ತಾಗಿಸಿದಳು.

ಗೋದಾವರಿ ಎದ್ದು ಕಾಲಿನ ಜೋಮು ಬಿಡಿಸಿಕೊಳ್ಳುತ್ತಿದ್ದಳು. ಕೂಸು ಉಳಿಯಿತು ಎಂದುಕೊಂಡಳು. ಅಷ್ಟಾಯಿತು. ಅಷ್ಟು ಸಾಲದೇ? ಮಂಚಕ್ಕೆ ಮರಳಿದ ಪ್ರೇಕ್ಷಾ ಅಲ್ಲಿಂದ ಕೂಗಿದಳು, "ಅಮ್ಮ, ಫ್ರಿಜ್ಜಿನ ನೀರ್ ಒಂಚೂರ್ ಕೊಡ್. ಗಂಟ್ಲ್ ಸುಡ್ತತ್."

"ತಣ್ಣೀರ್ ಬಾಯಿಗ್ ಹಾಕಿದ್ರೆ ಕಾಣ್!" ಬೇಬಿಯ ದನಿ ಇದ್ದಕ್ಕಿದ್ದಂತೆ ಚೂಪಾಯಿತು. ಕೂಸನ್ನು ಎದೆಗೆ ಒತ್ತಿಕೊಂಡಳು. "ಆಯ್ತ್, ಗೋದಕ್ಕನತ್ರವೇ ಕೇಣ್. ಎಣ್ಣಿ ಬ್ಯಾಡ ಅಂದ್ರ್, ನಾ ಒಪ್ದೆ. ಇದನ್ನೂ ಕೇಣ್."

ಪ್ರೇಕ್ಷಾ ಕತ್ತೆತ್ತಿ, ಬೆವರಿದ ಮುಖದಲ್ಲಿ ಒಂದು ಆಸೆಯ ನಗು ತಂದುಕೊಂಡಳು. ತನ್ನ ಪರವಾಗಿ ಸಾಕ್ಷಿ ಹೇಳಲು ಏಳು ಸಮುದ್ರದಾಚೆಯಿಂದ ಬಂದವಳ ಕಡೆಗೆ ನೋಡುವಂತೆ ನೋಡಿದಳು. "ಗೋದಕ್ಕ, ಅಲ್ಲಿ ಬಾಳಂತಿಗೆ ತಣ್ಣೀರ್ ಕೊಡ್ತ್ರಾ ಇಲ್ಯಾ?"

ನಲ್ಲಿಯಿಂದ ನೇರ ಹಿಡಿದ ದೊಡ್ಡ ಗ್ಲಾಸು. ಅದರ ಹೊರಮೈಯ ಹನಿಗಳು. ಕಣ್ಣು ಮುಚ್ಚಿ ಕುಡಿದ ಶ್ರೀವಾಣಿಯ ಗಂಟಲಿನ ಏರಿಳಿತ.

"ಇಲ್ಲೆ," ಎಂದಳು ಗೋದಾವರಿ. "ಅಲ್ಲಿಯೂ ಕೊಡುದಿಲ್ಲೆ."

"ಕಂಡ್ಯಾ?" ಎಂದಳು ಬೇಬಿ. ಗೆದ್ದ ಮುಖದಲ್ಲಿ ಕೂಸನ್ನು ಗೋದಾವರಿಯ ಕೈಗೆ ಕೊಟ್ಟು, ಫ್ಲಾಸ್ಕ್ ತಂದು, ಮಗಳಿಗೊಂದು ಲೋಟ ಬಿಸಿನೀರು ಸುರಿದಳು. ತನಗೆ ಮುಚ್ಚಳದ ತುಂಬ ಬಗ್ಗಿಸಿಕೊಂಡು, ಅಲ್ಲೇ ಹೊಸ್ತಿಲ ಮೇಲೆ ಕೂತು, ಊದಿ ಊದಿ ಕುಡಿದಳು.